ಗೆಳೆಯನಿಗೊಂದು ಪತ್ರ: ಒಂದೇ ಹಾಡು, ಎರಡು ವೇಗ

ಪ್ರಿಯ ಗೆಳೆಯಾ,

ಬಳ್ಳಾರಿಯಲ್ಲಿ ಎಲ್ಲರೂ ಕ್ಷೇಮ. ಬಿಸಿಲಿನ ವಿಷಯವನ್ನು ನಿನಗೆ ಬರೆಯಬೇಕಾಗಿಲ್ಲ. ಕೋಟೆಯ ಗುಡ್ಡ ಹಗಲೆಲ್ಲ ಕಾದು ರಾತ್ರಿ ಹತ್ತರವರೆಗೂ ಝಳ ಬಿಡುವುದನ್ನು ನೀನು ಮರೆತಿರಲಾರೆ. ಈ ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ನಮ್ಮ ಹಳೆಯ ವಾದಕ್ಕೆ ನಾಲ್ಕು ಜನ ಸಾಕ್ಷಿ ಇರಲಿ.

ವಿಷಯ ಅದೇ, ಇಂಗ್ಲೆಂಡಿನ ಬೀಟಲ್ಸ್ ತಂಡದ ‘ಷೀ ಈಸ್ ಲೀವಿಂಗ್ ಹೋಮ್’, ಮನೆ ಬಿಟ್ಟು ಹೊರಡುವ ಹುಡುಗಿಯ ಹಾಡು. ನಮ್ಮ ಜಗಳ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. 1967ರ ಮಾರ್ಚ್ 17ರಂದು ಲಂಡನ್ನಿನ ಇಎಂಐ ಸ್ಟುಡಿಯೊದಲ್ಲಿ ಈ ಹಾಡಿನ ವಾದ್ಯಗಳನ್ನು ಧ್ವನಿಮುದ್ರಿಸಿಕೊಂಡು, 20ರಂದು ಕಂಠಗಳನ್ನು ಸೇರಿಸಿದರು. ಒಂದು ಹಾರ್ಪ್, ನಾಲ್ಕು ವಯೊಲಿನ್, ಎರಡು ವಿಯೋಲ, ಎರಡು ಚೆಲ್ಲೊ, ಒಂದು ಡಬಲ್ ಬಾಸ್. ಬೀಟಲ್ಸ್ ನಾಲ್ವರಲ್ಲಿ ಒಬ್ಬರೂ ಇದರಲ್ಲಿ ವಾದ್ಯ ಮುಟ್ಟಿಲ್ಲ. ಎಲ್ಲ ದನಿಗಳೂ ಒಂದೇ ಹಾದಿಯಲ್ಲಿ ಬರುವ ಮೊನೊ ಆವೃತ್ತಿಯನ್ನು ಸಿದ್ಧಪಡಿಸುವಾಗ ಟೇಪನ್ನು ಬೇಗ ಓಡಿಸಿದರು. ಏಪ್ರಿಲ್ 17ರಂದು, ದನಿಗಳನ್ನು ಎಡ ಬಲ ಎರಡು ಹಾದಿಗಳಿಗೆ ಹಂಚುವ ಸ್ಟೀರಿಯೊ ಮಾಡುವಾಗ ಹಾಗೆ ಓಡಿಸಲಿಲ್ಲ. ಟೇಪು ಬೇಗ ಓಡಿದರೆ ಲಯದ ಜೊತೆಗೆ ಶ್ರುತಿಯೂ ಏರುತ್ತದೆಯಲ್ಲ, ಹಾಗಾಗಿ ಸ್ಟೀರಿಯೊದಲ್ಲಿ ಹಾರ್ಮೋನಿಯಮ್ಮಿನ ಬಿಳಿ ಮೂರರಲ್ಲಿರುವ ಹಾಡು ಮೊನೊದಲ್ಲಿ ಬಿಳಿ ನಾಲ್ಕಕ್ಕೆ ಹೋಗಿ ಕುಳಿತಿದೆ. ವೇಗದ ಲೆಕ್ಕದಲ್ಲಿ ಇದು ನೂರಕ್ಕೆ ಸುಮಾರು 6ರಷ್ಟು ಹೆಚ್ಚು. ಒಂದೇ ಹಾಡು, ಅದೇ ಕಂಠ, ಅದೇ ವಾದಕರು. ಆದರೂ ಒಂದರ ಬೆನ್ನಿಗೆ ಇನ್ನೊಂದನ್ನು ಕೇಳಿದವರು ಇವೆರಡನ್ನೂ ಒಂದೇ ಎಂದು ಒಪ್ಪಲಾರರು.

ನೀನು ಮೊನೊ ಪಕ್ಷ. ಆ ಕಾಲದಲ್ಲಿ ಜನ ಕೊಂಡು ಕೇಳುತ್ತಿದ್ದುದು ಮೊನೊ, ತಂಡ ಗಮನ ಕೊಟ್ಟದ್ದೂ ಅದಕ್ಕೇ, ಆದ್ದರಿಂದ ಮಾಡಿದವರ ಮನಸ್ಸಿನಲ್ಲಿದ್ದ ಹಾಡು ಅದೇ ಎಂಬುದು ನಿನ್ನ ವಾದ. ವಾದಕರ ಬೆರಳು ಮತ್ತು ಕಮಾನುಗಳು ನಿಜವಾಗಿ ಚಲಿಸಿದ ವೇಗ ಸ್ಟೀರಿಯೊದಲ್ಲಿದೆ, ಚೆಲ್ಲೊದ ಗಂಟಲು ಅದರಲ್ಲಿ ಮಾತ್ರ ತನ್ನ ಪೂರ್ತಿ ಭಾರದೊಂದಿಗೆ ಕೇಳಿಸುತ್ತದೆ ಎಂಬುದು ನನ್ನದು. ಎರಡೂ ಗಟ್ಟಿ ವಾದಗಳೆಂದು ಇಂದಿಗೂ ನಂಬುತ್ತೇನೆ.

ನಾವಿಬ್ಬರೂ ಮೊದಲು ಕೇಳಿದ್ದು ಬ್ರೂಸ್‌ಪೇಟೆಯಲ್ಲಿ ತುಂಬಿಸಿಕೊಂಡು ಬಂದ ಕ್ಯಾಸೆಟ್ಟಿನಲ್ಲಿ, ನಿಮ್ಮಪ್ಪನವರ ಡೆಕ್ಕಿನ ಮೇಲೆ. ಟೇಪು ಹಾದುಹೋಗುವ ದಾರಿಗೆ ಅದನ್ನು ಓದುವ ಹೆಡ್ಡು ನೆಟ್ಟಗೆ ನಿಲ್ಲದೆ ತುಸು ವಾಲಿದರೂ ಮೇಲಿನ ಸ್ವರಗಳು ಸತ್ತುಹೋಗುತ್ತವೆ. ನೀನು ಕ್ಯಾಸೆಟ್ಟಿನ ಬಾಗಿಲು ತೆಗೆದು, ಗಡಿಯಾರ ರಿಪೇರಿಯವರ ಸಣ್ಣ ಸ್ಕ್ರೂಡ್ರೈವರನ್ನು ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವಿಗೆ ಕೊಟ್ಟು, ಉಸಿರು ಬಿಗಿಹಿಡಿದು ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ. ಹಾಡಿನ ಮೊದಲಿಗೆ ಬರುವ ಹಾರ್ಪ್ ಅಲ್ಲಿಯವರೆಗೆ ಕಂಬಳಿಯೊಳಗಿಂದ ಬಂದಂತೆ ಕೇಳುತ್ತಿದ್ದುದು, ಒಮ್ಮೆಲೇ ಮೀಟು ಮೀಟೂ ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತಿತ್ತು. ಪ್ರತಿಗಳನ್ನು ತೆಗೆಯುವ ಮುನ್ನ ಧ್ವನಿಯನ್ನು ಕೊನೆಯದಾಗಿ ಹದಗೊಳಿಸುವುದಕ್ಕೆ ಮಾಸ್ಟರಿಂಗ್ ಎಂಬ ಹೆಸರಿದೆ ಎಂದು ನಮಗಾಗ ಗೊತ್ತಿರಲಿಲ್ಲ. ಒಂದೇ ಧ್ವನಿಮುದ್ರಣ ಕೈಯಿಂದ ಕೈಗೆ ಬರುವಾಗ ಬೇರೆಯಾಗಿ ಕೇಳುತ್ತದೆ ಎಂಬುದನ್ನು ನನ್ನ ಕಿವಿ ಕಲಿತದ್ದು ಮಾತ್ರ ಆ ಸ್ಕ್ರೂವಿನ ಬಳಿ.

ಈ ಬೇಸಿಗೆಯಲ್ಲಿ ಸಿಕ್ಕ ಆವೃತ್ತಿಗಳನ್ನೆಲ್ಲ ಮತ್ತೆ ಕೇಳಿದೆ. 1987ರ ಸಿಡಿ ಸ್ಟೀರಿಯೊದ್ದು. ನಮ್ಮ ತಲೆಮಾರಿನ ಬಹಳ ಜನಕ್ಕೆ ನಿಧಾನದ ಹಾಡೇ ಗೊತ್ತಿರುವುದು ಅದರಿಂದ. 2009ರಲ್ಲಿ ಹೊಸ ಮಾಸ್ಟರಿಂಗ್ ಬಂದಾಗ ಸ್ಟೀರಿಯೊ ಸಿಡಿಗಳಿಗೆ ಸ್ವಲ್ಪ ಲಿಮಿಟಿಂಗ್ ಹಾಕಿ, ಅಂದರೆ ಜೋರಾದ ತುದಿಗಳನ್ನು ತಗ್ಗಿಸಿ, ಒಟ್ಟು ಶಬ್ದದ ಮಟ್ಟ ಏರಿಸಿದರು, ಮೊನೊ ಸಿಡಿಗಳ ಪೆಟ್ಟಿಗೆಯನ್ನು ಹಾಗೆ ಮುಟ್ಟಲಿಲ್ಲ. ಜೋರಾದದ್ದು ಕಿವಿಗೆ ಮೊದಲು ಹಿಡಿಸುತ್ತದೆ, ಆದ್ದರಿಂದ ಎರಡರ ಮಟ್ಟವನ್ನೂ ಸರಿದೂಗಿಸಿಕೊಳ್ಳದೆ ಹೋಲಿಸಬಾರದು. ಹಾಗೆ ಸರಿದೂಗಿಸಿ ಕೇಳಿದಾಗ ಮೊನೊದಲ್ಲಿ ವಯೊಲಿನ್‌ಗಳ ಏರಿಳಿತಕ್ಕೆ ಹೆಚ್ಚು ಜಾಗವಿದೆ ಎನಿಸಿತು. ಇದನ್ನು ನಿನ್ನ ಖಾತೆಗೆ ಜಮಾ ಮಾಡಿಕೋ.

2017ರದು ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿತು. ಮೂಲ ನಾಲ್ಕು ಟ್ರ್ಯಾಕಿನ ಟೇಪುಗಳಿಗೆ ಹಿಂದಿರುಗಿ ಹೊಸದಾಗಿ ಸ್ಟೀರಿಯೊ ಮಾಡಿದ ಗೈಲ್ಸ್ ಮಾರ್ಟಿನ್, ಈ ಹಾಡಿಗೆ ಮೊನೊದ ವೇಗವನ್ನೇ ಇಟ್ಟರು. ಅವರು ಬೀಟಲ್ಸ್ ಹಾಡುಗಳ ನಿರ್ಮಾಪಕ ಜಾರ್ಜ್ ಮಾರ್ಟಿನ್‌ರ ಮಗ. 1967ರಲ್ಲಿ ತಂದೆ ಬೇರೆ ಕೆಲಸದಲ್ಲಿದ್ದರೆಂದು ತಂಡದ ಪಾಲ್ ಮೆಕಾರ್ಟ್ನಿ ಕಾಯದೆ, ಮೈಕ್ ಲಿಯಾಂಡರ್‌ ಅವರಿಂದ ವಾದ್ಯಸಂಯೋಜನೆ ಬರೆಸಿದ್ದರು. ಜಾರ್ಜ್ ಮಾರ್ಟಿನ್‌ರಿಗೆ ಅದು ನೋವು ತಂದಿತ್ತು. ಆದರೂ ಬೇರೊಬ್ಬರು ಬರೆದದ್ದನ್ನೇ ಮುಂದಿಟ್ಟುಕೊಂಡು ವಾದಕರನ್ನು ನಡೆಸಿದರು. ತನ್ನನ್ನು ಬಿಟ್ಟು ಮುಂದೆ ಹೋದವರ ಕೆಲಸವನ್ನು ನಿಂತು ಚೆಂದ ಮಾಡಿಕೊಟ್ಟ ಆ ಮನುಷ್ಯನ ಬಗ್ಗೆ ನನಗೆ ಬಹಳ ಗೌರವವಿದೆ.

ಮಗಳು ಓದಲು ಮೈಸೂರಿಗೆ ಹೊರಟಿದ್ದಾಳೆ ಎಂದು ಹೇಳಿದ್ದೆನಲ್ಲ. ಮೊನ್ನೆ ಅವಳಿಗೆ ಎರಡನ್ನೂ ಕೇಳಿಸಿದೆ, ಯಾವುದು ಯಾವುದೆಂದು ಹೇಳಲಿಲ್ಲ. ಮೊನೊ ಮುಗಿದ ಮೇಲೆ ಹೆಡ್‌ಫೋನ್ ತೆಗೆದು, “ಅಪ್ಪಾ, ಇದರಾಗ ಆಕಿ ಖುಷೀಲೆ ಹೊಂಟಾಳ. ಅದರಾಗ ಮನ್ಯಾಗಿನವರು ಅಷ್ಟೇ ಕೇಳಿಸ್ತಾರ” ಎಂದಳು.

ಅಂದಿನಿಂದ ನನಗೆ ಸಮಾಧಾನವಿಲ್ಲ. ಹಾಡಿನಲ್ಲಿ ಕತೆ ಹೇಳುವ ದನಿ ಪಾಲ್‌ರದು. ತಮ್ಮಿಂದ ಏನು ಕಡಿಮೆಯಾಯಿತು ಎಂದು ಕೊರಗುವ ತಂದೆ ತಾಯಿಯ ಮಾತುಗಳು ತಂಡದ ಇನ್ನೊಬ್ಬ, ಜಾನ್ ಲೆನನ್‌ರ ದನಿಯಲ್ಲಿವೆ. ನಿಧಾನದ ಆವೃತ್ತಿಯಲ್ಲಿ ಆ ಕೊರಗು ಎಳೆದಷ್ಟೂ ಉದ್ದವಾಗುತ್ತದೆ, ಹುಡುಗಿ ಹೊಸ್ತಿಲು ದಾಟುವುದೇ ತಡವಾಗುತ್ತದೆ. ಇಷ್ಟು ವರ್ಷ ನಾನು ಚೆಲ್ಲೊ, ಕಮಾನು, ಟೇಪಿನ ವೇಗ ಎಂದು ವಾದಿಸಿದ್ದೆಲ್ಲ ನಿಜವೇ. ಅದರ ಅಡಿಯಲ್ಲಿ ಇನ್ನೊಂದು ನಿಜವೂ ಇತ್ತು. ನೀನು ಊರು ಬಿಟ್ಟವನು, ನಾನು ಉಳಿದವನು. ಹಂಪಿ ಎಕ್ಸ್‌ಪ್ರೆಸ್ ಹೊರಡುವಾಗ ಕಿಟಕಿಯ ಪಕ್ಕದಲ್ಲಿ ನಡೆಯುತ್ತ ಕೈ ಬೀಸಿದೆನಲ್ಲ, ಆಗ ನನ್ನೊಳಗೆ ನಿನ್ನ ಮೇಲೆ ಸಿಟ್ಟಿತ್ತು. ನಿನ್ನ ಜೊತೆ ಹೊರಡುವ ಆಸೆ ನನಗೂ ಇದ್ದಿತು, ಮನೆಯಲ್ಲಿ ಬಾಯಿಬಿಟ್ಟು ಹೇಳಲಿಲ್ಲ. ಆ ಸಿಟ್ಟು ಕಾಗದಗಳಲ್ಲಿ ಎಂದೂ ಬರಲಿಲ್ಲ. ಸ್ಟೀರಿಯೊದ ಪರವಾಗಿ ವಾದಿಸುವಾಗ ಮಾತ್ರ ನನ್ನ ದನಿ ಏರುತ್ತಿತ್ತು, ನೀನು ಗಮನಿಸಿರಬೇಕು. ಈಗ ಮಗಳ ಬಟ್ಟೆಬರೆ ಒಂದೊಂದಾಗಿ ಪೆಟ್ಟಿಗೆ ಸೇರುತ್ತಿರುವಾಗ ಯಾವ ವೇಗದ ಹಾಡನ್ನು ಹಾಕಿದರೂ ಮುಗಿಯುವವರೆಗೆ ಕೇಳಲು ನನ್ನಿಂದಾಗುತ್ತಿಲ್ಲ.

ಎಲ್ಲರೆದುರು ಇಷ್ಟನ್ನು ಬರೆಯುವ ವಿಚಾರ ಇರಲಿಲ್ಲ. ಬರೆದಾಯಿತು, ಇರಲಿ.

ಇನ್ನು ವ್ಯವಹಾರ. 2014ರಲ್ಲಿ ಬಂದ ಮೊನೊ ಎಲ್ಪಿ ನಿನ್ನ ಬಳಿ ಇದೆ. ಡಿಜಿಟಲ್ ಹಂತವೇ ಇಲ್ಲದೆ ಮಾಸ್ಟರ್ ಟೇಪಿನಿಂದ ನೇರವಾಗಿ ಕೊರೆದದ್ದು ಎಂದು ನೀನು ಫೋನಿನಲ್ಲಿ ಕುಣಿದಾಡಿದ್ದೆ. ಮಗಳು ಹೊರಡುವ ಮುನ್ನ ಅದನ್ನು ಹಿಡಿದುಕೊಂಡು ಬಾ. ಕಾರಿನಲ್ಲಿ ಬರುವುದಾದರೆ ಹಿಂದಿನ ಗಾಜಿನ ಬಳಿ ಇಡಬೇಡ. ಸಿರುಗುಪ್ಪ ದಾಟುವಷ್ಟರಲ್ಲಿ ಬಿಸಿಲಿಗೆ ಬಾಗಿರುತ್ತದೆ, ಆಮೇಲೆ ಅದು ಮೊನೊವೂ ಅಲ್ಲ, ಸ್ಟೀರಿಯೊವೂ ಅಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿ ನನ್ನ ಲೆಕ್ಕ. ತೀರ್ಪು ಮಗಳದು, ಮೇಲ್ಮನವಿಗೆ ಅವಕಾಶವಿಲ್ಲ. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನವ