ಉಬಿನ್ ದ್ವೀಪದಲ್ಲಿ ಒಂದು ಹಗಲು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನೆ ಸಂಜೆ ಬಾಗಿಲು ತೆಗೆದಾಗ ನಿನ್ನ ಮುಖ ನೋಡಿ ನನಗೆ ಮಾತೇ ಹೊರಡಲಿಲ್ಲ. ಹನ್ನೊಂದು ಸಲ ಫೋನ್ ಮಾಡಿದ್ದೆಯಂತೆ. ಒಂದೂ ಬರಲಿಲ್ಲ ಕಣೇ. ನಾನು ಹೋಗಿದ್ದ ಉಬಿನ್ ದ್ವೀಪದ ಆಚೆ ದಡದ ಎದುರಿಗೇ ಮಲೇಷ್ಯಾದ ಜೋಹೋರ್. ಅಲ್ಲಿನ ಟವರೇ ಹತ್ತಿರ ಅಂತ ಫೋನು ತನ್ನಷ್ಟಕ್ಕೆ ಆ ದೇಶದ ಸಿಗ್ನಲ್ ಹಿಡಿದುಬಿಟ್ಟಿದೆ. ನನ್ನ ಸಿಮ್ಮಿಗೆ ರೋಮಿಂಗ್ ಇಲ್ಲ, ಅಲ್ಲಿಗೆ ಮಾತು ಬಂದ್. ಬ್ಯಾಗಿನಿಂದ ಹೊರಗೆ ತೆಗೆದು ನೋಡಿದ್ದರೆ ತಾನೇ ನನಗೆ ಗೊತ್ತಾಗುವುದು? ಹೇಳದೆ ಹೋಗಿದ್ದು ತಪ್ಪು, ಒಪ್ಪುತ್ತೇನೆ. ರಾತ್ರಿ ನೀನೂ ಸುಸ್ತಾಗಿದ್ದೆ, ನಾನೂ ಸುಮ್ಮನಾದೆ. ಈಗ ನೀನು ಆಫೀಸಿಗೆ ಹೋಗಿದ್ದೀಯ. ಎಲ್ಲಿ ಹೋಗಿದ್ದೆ, ಏನು ನೋಡಿದೆ, ಎಲ್ಲ ಬರೆದಿಡುತ್ತೇನೆ. ಬಂದು ಕೈಕಾಲು ತೊಳೆದು, ಊಟ ಮಾಡಿ, ಆಮೇಲೆ ಓದು.

ನಿಮ್ಮ ಸಿಂಗಪುರ ಚೆಂದದ ಊರು, ನನಗೆ ಬೇಜಾರಿಲ್ಲ. ಆದರೆ ಇಲ್ಲಿ ಎಸ್ಕಲೇಟರ್ ಮೇಲೂ ಜನ ಬೇಗ ಬೇಗ ಹತ್ತಿ ಹೋಗುತ್ತಾರೆ. ನೀನೂ ಹಾಗೇ ಆಗಿದ್ದೀಯ. ನಿನ್ನ ಜೊತೆ ಹೊರಗೆ ಬಂದಾಗಲೆಲ್ಲ ನನಗೆ ಕಾಣುವುದು ನಿನ್ನ ಬೆನ್ನು. ಆಗಾಗ ನಿಂತು ತಿರುಗಿ ನೋಡುತ್ತೀಯ, ನಾನು ಹತ್ತಿರ ಬಂದೆ ಅನ್ನುವಷ್ಟರಲ್ಲಿ ಮತ್ತೆ ಹೊರಡುತ್ತೀಯ. ನಿನ್ನೆ ಬೆಳಿಗ್ಗೆ ಅದೇ ಯೋಚನೆಯಲ್ಲಿದ್ದೆ. ಒಂದು ದಿನವಾದರೂ ನನ್ನ ಕಾಲಿಗೆ ಆಗುವಷ್ಟೇ ನಿಧಾನಕ್ಕೆ ನಡೆಯಬೇಕು ಅನ್ನಿಸಿತು. ಪಕ್ಕದ ಮನೆಯ ತಮಿಳು ಅಜ್ಜಿ ಉಬಿನ್ ಬಗ್ಗೆ ಹೇಳಿದ್ದು ನೆನಪಾಯಿತು. ಹೊರಟೇಬಿಟ್ಟೆ.

ತಾನಾ ಮೇರಾ ಸ್ಟೇಷನ್‌ನಲ್ಲಿ ಇಳಿದು 2ನೇ ನಂಬರ್ ಬಸ್ಸು ಹಿಡಿದರೆ ಕೊನೆಯ ನಿಲ್ದಾಣವೇ ಚಾಂಗಿ ವಿಲೇಜ್. ಅಲ್ಲಿಂದ ದೋಣಿಕಟ್ಟೆಗೆ ನಾಲ್ಕು ಹೆಜ್ಜೆ. ಟಿಕೆಟ್ಟೂ ಇಲ್ಲ, ಇಷ್ಟು ಗಂಟೆಗೆ ಹೊರಡುತ್ತದೆ ಅಂತಲೂ ಇಲ್ಲ. ಬಂಬೋಟ್ ಅನ್ನುತ್ತಾರೆ ಆ ಮರದ ದೋಣಿಗೆ. ಹನ್ನೆರಡು ಜನ ಸೇರಿದರೆ ಹೊರಡುತ್ತದೆ, ಇಲ್ಲದಿದ್ದರೆ ಇಲ್ಲ. ನಾವು ಹತ್ತು ಜನ ಇದ್ದೆವು. ಇನ್ನಿಬ್ಬರಿಗಾಗಿ ಇಪ್ಪತ್ತು ನಿಮಿಷ ಕೂತೆವು, ಯಾರೂ ಗಡಿಯಾರ ನೋಡಲಿಲ್ಲ. ನಿಮ್ಮ ಊರಿನಲ್ಲಿ ಜನ ಹೀಗೆ ಕಾಯುವುದನ್ನು ನಾನು ನೋಡಿದ್ದು ಅದೇ ಮೊದಲು. ಒಬ್ಬರಿಗೆ 4 ಡಾಲರ್, ದೋಣಿಯವರ ಕೈಗೇ ಕೊಡಬೇಕು. ನೀನು ಎಲ್ಲದಕ್ಕೂ ಕಾರ್ಡ್ ತೋರಿಸುತ್ತೀಯ, ಅಲ್ಲಿಗೆ ಮಾತ್ರ ಚಿಲ್ಲರೆ ನೋಟು ಇಟ್ಟುಕೊಂಡು ಹೋಗಬೇಕು. ಹತ್ತು ಹದಿನೈದು ನಿಮಿಷ ಡೀಸೆಲ್ ವಾಸನೆ, ನೀರಿನ ಸಿಡಿತ, ಅಷ್ಟರಲ್ಲಿ ಆಚೆ ದಡ.

ದಡದಲ್ಲಿ ಒಂದು ಪುಟ್ಟ ಪೇಟೆ. ತಗಡಿನ ಮಾಡು, ಮರದ ಗೋಡೆ, ಬಾಡಿಗೆ ಸೈಕಲ್ ಅಂಗಡಿಗಳು. ದೊಡ್ಡ ಊರಿನ ಕರೆಂಟು ಇಲ್ಲಿಗೆ ಬಂದಿಲ್ಲ, ಜನರೇಟರ್ ಮತ್ತು ಸೋಲಾರ್. ನೀರು ಬಾವಿಯದು. ಒಂದು ಕಾಲದಲ್ಲಿ ಸಾವಿರಾರು ಜನ ಇದ್ದರಂತೆ, ಈಗ ಕೆಲವೇ ಮನೆಗಳು. ಅವರಲ್ಲಿ ಬಹಳಷ್ಟು ಜನ ಇಲ್ಲಿ ಇದ್ದದ್ದು ಕಲ್ಲಿನ ಕೆಲಸಕ್ಕೆ. ದ್ವೀಪವೇ ಗ್ರಾನೈಟ್ ಕಲ್ಲು. 1851ರಲ್ಲಿ ಸಮುದ್ರದ ನಡುವೆ ಎದ್ದ ಹಾರ್ಸ್‌ಬರ್ಗ್ ದೀಪಸ್ತಂಭಕ್ಕೂ, ಸಮುದ್ರ ದಾಟಿ ಜೋಹೋರಿಗೆ ಹೋಗುವ ಕಾಸ್‌ವೇ ರಸ್ತೆಗೂ ಇಲ್ಲಿಂದಲೇ ಕಲ್ಲು ಹೋಗಿದೆ. ಕೊನೆಯ ಕ್ವಾರಿ ಮುಚ್ಚಿದ್ದು 1999ರಲ್ಲಿ. ಪೇಟೆಗೆ ಹತ್ತಿರದ ಕ್ವಾರಿ ಈಗ ಕೆರೆಯಂತಾಗಿದೆ, ಅದರ ನಡುಗಡ್ಡೆಯ ಮರಗಳ ತುಂಬ ಕೊಕ್ಕರೆ. ಬೇಲಿಗೆ ಒರಗಿಕೊಂಡು ತುಂಬಾ ಹೊತ್ತು ನಿಂತಿದ್ದೆ. ಡೈನಮೈಟ್ ಸಿಡಿದ ಗುಂಡಿ ಅದು ಅಂದರೆ ನಂಬುವುದೇ ಕಷ್ಟ.

ಎಲ್ಲರೂ ಸೈಕಲ್ ತಗೊಂಡರು, ನಾನು ನಡೆದೆ. ಚೆಕ್ ಜಾವಾ ಅನ್ನುವ ಜಾಗಕ್ಕೆ ಸುಮಾರು ಮೂರು ಕಿಲೋಮೀಟರ್. ನಿನಗಾದರೆ ಮುಕ್ಕಾಲು ಗಂಟೆ ಸಾಕು, ನನಗೆ ಎರಡು ಗಂಟೆ ಹಿಡಿಯಿತು. ಹಳೆಯ ರಬ್ಬರ್ ಮರಗಳು, ತೆಂಗು, ಹಲಸು. ಯಾರೋ ಬಿಟ್ಟುಹೋದ ತೋಟಗಳು ಕಾಡಿನ ಜೊತೆ ಸೇರಿಕೊಂಡಿವೆ. ಒಂದು ಕಡೆ ಕಾಡುಹಂದಿ ಮರಿಗಳ ಜೊತೆ ರಸ್ತೆ ದಾಟಿತು. ಗಾಬರಿಯಾಗಬೇಡ, ಅದರ ಪಾಡಿಗೆ ಅದು ಹೋಯಿತು. ತಿನ್ನಲು ಏನೂ ಹಾಕಬಾರದು, ಹತ್ತಿರ ಹೋಗಬಾರದು, ಅಷ್ಟೇ.

ಇನ್ನೊಂದು ಕಡೆ ತಲೆಯ ಮೇಲೆ ಜೋರಾಗಿ ಬುಸ್ ಬುಸ್ ಅಂತ ರೆಕ್ಕೆ ಸದ್ದು. ನೋಡಿದರೆ ಮಂಗಟ್ಟೆ ಹಕ್ಕಿ! ಕಪ್ಪು ಬಿಳಿ ಮೈ, ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಕೂರಿಸಿದ ಹಾಗೆ. ಅಷ್ಟು ದೊಡ್ಡ ಕೊಕ್ಕಿನ ತುದಿಯಲ್ಲಿ ಕಡಲೆಕಾಳಿನಷ್ಟು ಚಿಕ್ಕ ಹಣ್ಣು ಹಿಡಿಯಿತು. ತಲೆ ಮೇಲಕ್ಕೆಸೆದು ಟಪಕ್ಕನೆ ಗಂಟಲಿಗೆ ಇಳಿಸಿಕೊಂಡಿತು. ಮತ್ತೊಂದು. ಮತ್ತೊಂದು. ಒಂದೂ ಕೆಳಗೆ ಬೀಳಲಿಲ್ಲ. ಈ ಹಕ್ಕಿ ಸಿಂಗಪುರದಿಂದ ನೂರು ವರ್ಷಕ್ಕಿಂತ ಹಿಂದೆಯೇ ಕಾಣೆಯಾಗಿತ್ತಂತೆ. 1994ರಲ್ಲಿ ಮತ್ತೆ ಕಂಡಿದ್ದು ಇದೇ ದ್ವೀಪದಲ್ಲಿ. ಮೊಟ್ಟೆ ಇಡುವಾಗ ಹೆಣ್ಣು ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಬಿಟ್ಟು. ಗಂಡು ಅದರಲ್ಲೇ ಹಣ್ಣು ತಂದು ಕೊಡಬೇಕು. ಅಷ್ಟು ದೊಡ್ಡ ಪೊಟರೆ ಇರುವ ಹಳೇ ಮರಗಳು ಕಡಿಮೆಯಾಗಿದ್ದರಿಂದ ಮರಕ್ಕೆ ಗೂಡುಪೆಟ್ಟಿಗೆ ಕಟ್ಟಿಕೊಟ್ಟರು. ಅದರಲ್ಲೂ ಮರಿ ಮಾಡಿದವು.

ಚೆಕ್ ಜಾವಾ ಬಗ್ಗೆ ಬರೆಯಲು ಕೂತರೆ ಮುಗಿಯುವುದಿಲ್ಲ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಒಳಗೆ, ಆಮೇಲೆ ಸಮುದ್ರದ ಮೇಲೆ, ಒಂದು ಕಿಲೋಮೀಟರಿಗಿಂತ ಜಾಸ್ತಿ ಉದ್ದದ ಕಾಲುಸೇತುವೆ. ನನ್ನ ಪುಣ್ಯಕ್ಕೆ ನೀರು ಇಳಿದಿತ್ತು. ಇಳಿಯದಿದ್ದರೆ ಏನೂ ಕಾಣುವುದಿಲ್ಲ, ಇದನ್ನು ನೆನಪಿಡು. ಕೆಸರಿನ ಮೇಲೆ ಒಂದು ಬೆರಳುದ್ದದ ಮೀನು ಎದುರಿನ ರೆಕ್ಕೆಗಳನ್ನು ಊರಿಕೊಂಡು ತೆವಳುತ್ತಿತ್ತು. ನೀರಿನಲ್ಲಲ್ಲ, ಬರೀ ಕೆಸರಲ್ಲಿ! ಅದರ ಪಕ್ಕ ಉಗುರಿನಷ್ಟು ಏಡಿಗಳು, ಗಂಡಿಗೆ ಒಂದು ಕೊಂಡಿ ಮೈಯಷ್ಟೇ ದೊಡ್ಡದು, ಇನ್ನೊಂದು ಎಳ್ಳಿನಷ್ಟು. ದೊಡ್ಡದನ್ನು ಎತ್ತಿ ಎತ್ತಿ ಹೆಣ್ಣನ್ನು ಕರೆಯುವುದು, ಚಿಕ್ಕದರಿಂದ ಕೆಸರು ಹೆಕ್ಕಿ ಬಾಯಿಗೆ ಹಾಕಿಕೊಳ್ಳುವುದು. ನಾನು ಕಾಲು ಮಡಚಿ ಅಲ್ಲೇ ಕೂತುಬಿಟ್ಟೆ. ನನ್ನ ನೆರಳು ಬಿದ್ದ ತಕ್ಷಣ ಎಲ್ಲ ಬಿಲ ಸೇರಿದವು, ಅಲ್ಲಾಡದೆ ಕೂತರೆ ಒಂದೊಂದೇ ಹೊರಗೆ ಬಂದವು. ನೀನು ಚಿಕ್ಕವಳಿದ್ದಾಗ ಮಳೆಗಾಲದಲ್ಲಿ ಹೀಗೇ ಏಡಿ ಬಿಲದ ಮುಂದೆ ಕೂರುತ್ತಿದ್ದೆ. ಶಾಲೆಗೆ ಹೊತ್ತಾಯಿತು ಅಂತ ನಾನೇ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ. ಅದು ನೆನಪಾಗಿ ಕಣ್ಣು ತುಂಬಿತು ನೋಡು.

ಈ ಜಾಗವನ್ನು ಮಣ್ಣು ತುಂಬಿ ಮುಚ್ಚುವವರಿದ್ದರು, ಗೊತ್ತಾ? ಎಲ್ಲ ತೀರ್ಮಾನ ಆಗಿತ್ತು. ಇಲ್ಲಿ ಎಷ್ಟು ಜೀವ ಇದೆ ಅಂತ ಗೊತ್ತಾದ ಮೇಲೆ ಜನ ಸುಮ್ಮನಿರಲಿಲ್ಲ. ನೀರು ಇಳಿದಾಗೆಲ್ಲ ಬಂದು ಒಂದೊಂದು ಜೀವಿಯನ್ನೂ ಎಣಿಸಿ ಬರೆದಿಟ್ಟರು, ಸರ್ಕಾರಕ್ಕೆ ಪತ್ರ ಬರೆದರು. 2001ರ ಡಿಸೆಂಬರ್‌ನಲ್ಲಿ ಕೆಲಸ ಮುಂದೂಡಿದರು. 2007ರಲ್ಲಿ ಈ ಕಾಲುಸೇತುವೆ ಆಯಿತು. ನಾನು ಕೂತಿದ್ದ ಜಾಗದ ಕೆಳಗೆ ಹೊರಳಾಡುತ್ತಿದ್ದ ಏಡಿ, ಮೀನು ಎಲ್ಲ ಆ ಜನರಿಂದ ಉಳಿದವು.

ಅಲ್ಲೇ 1930ರ ದಶಕದ ಒಂದು ಇಂಗ್ಲಿಷ್ ಮಾದರಿಯ ಬಂಗಲೆ ಇದೆ, ಈ ಸೆಕೆಯಲ್ಲೂ ಅದಕ್ಕೊಂದು ಚಳಿಕಾಯಿಸುವ ಒಲೆ! ಜೆಜಾವಿ ಅನ್ನುವ ಗೋಪುರವನ್ನು ಮೂರು ಕಡೆ ನಿಂತು ಸುಧಾರಿಸಿಕೊಂಡು ಹತ್ತಿದೆ. ಮೇಲೆ ಗಾಳಿ. ಆಚೆ ಚಾಂಗಿಯಿಂದ ವಿಮಾನಗಳು ಏಳುತ್ತಾ ಇಳಿಯುತ್ತಾ ಇದ್ದವು. ಮುಂದಿನ ವಾರ ಇದೇ ಹೊತ್ತಿಗೆ ನಾನೂ ಅದರಲ್ಲೊಂದರಲ್ಲಿ ಇರುತ್ತೇನಲ್ಲ ಅನ್ನಿಸಿ ಎದೆ ಭಾರವಾಯಿತು.

ವಾಪಸು ಪೇಟೆಗೆ ಬಂದು ಒಂದು ಎಳನೀರು ಕುಡಿದೆ. ದೋಣಿಯಲ್ಲಿ ನಾನೇ ಹನ್ನೆರಡನೆಯವಳು, ಹತ್ತಿದ ಕೂಡಲೇ ಹೊರಟಿತು. ನೀನು ಅಷ್ಟು ಹೊತ್ತಿಗಾಗಲೇ ಅಳುವ ಹಾಗಾಗಿದ್ದೆ ಅಂತ ನನಗೆ ಹೇಗೆ ಗೊತ್ತಾಗಬೇಕು ಕಂದ.

ಈ ಶನಿವಾರ ನಿನಗೆ ರಜೆ. ನೀರು ಇಳಿಯುವ ಹೊತ್ತು ನೋಡಿದ್ದೇನೆ, ಹತ್ತೂವರೆಯ ಸುಮಾರಿಗೆ. ಏಳು ಗಂಟೆಗೆ ಮನೆ ಬಿಟ್ಟರೆ ಸರಿಹೋಗುತ್ತದೆ. ಸೈಕಲ್ ಬೇಡ, ನನ್ನ ಪಕ್ಕದಲ್ಲೇ ನಡೆ. ಚಿತ್ರಾನ್ನ ಕಟ್ಟಿಕೊಳ್ಳುತ್ತೇನೆ, ಛತ್ರಿ ಎರಡಿವೆ, ಚಿಲ್ಲರೆ ನೋಟು ನಿನ್ನ ಕಡೆ ಇದ್ದರೆ ತೆಗೆದಿಡು. ಆ ಏಡಿಗಳಿದ್ದ ಕಂಬ ಯಾವುದು ಅಂತ ಗುರುತಿಟ್ಟುಕೊಂಡು ಬಂದಿದ್ದೇನೆ.

ನಿನ್ನ
ಅಮ್ಮ