ಫಲಕದ ಒತ್ತಕ್ಷರ ಹಾರದಿರಲಿ

ಸಂಪಾದಕರಿಗೆ,

ಮಾನ್ಯರೇ,

ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ಸಿಎನ್‌ಸಿ ರೌಟರ್ (ಕಂಪ್ಯೂಟರ್ ಹೇಳಿದಂತೆ ಶೀಟನ್ನು ಕೊರೆದು ಕತ್ತರಿಸುವ ಯಂತ್ರ) ಇಟ್ಟುಕೊಂಡು ಅಕ್ಷರ ಕತ್ತರಿಸಿಕೊಡುವ ನನ್ನಂಥ ಸಣ್ಣ ಘಟಕದವರ ಕೈಗೆ ಕನ್ನಡದ ಕೆಲಸ ಹೆಚ್ಚಾಗಿ ಬರುತ್ತಿದೆ. ಸಂತೋಷವೇ. ಆದರೆ ಕನ್ನಡ ಅಕ್ಷರ ಕತ್ತರಿಸುವಾಗ ಎದುರಾಗುವ, ಹೊರಗಿನವರಿಗೆ ಕಾಣದ ತೊಡಕೊಂದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬೇಕಾಗಿದೆ.

ಇಂಗ್ಲಿಷಿನ ದೊಡ್ಡಕ್ಷರಗಳು ಒಂದೊಂದೂ ಒಂದೇ ತುಂಡು. ಕನ್ನಡ ಹಾಗಲ್ಲ. ‘ಬೆಣ್ಣೆ ದೋಸೆ’ ಎಂಬುದರಲ್ಲಿ ಣಕಾರದ ಒತ್ತು ಬೇರೆ, ಎಷ್ಟೋ ಫಾಂಟ್‌ಗಳಲ್ಲಿ ದೀರ್ಘವೂ ಬೇರೆ. ‘ಅಂಗಡಿ’ ಎಂದರೆ ಸೊನ್ನೆ ಬೇರೆ. ಯಂತ್ರದ ಮೇಜಿನಿಂದ ಮೊದಲು ಸಡಿಲಾಗಿ ಹಾರುವುದು ಈ ಸಣ್ಣ ತುಂಡುಗಳೇ. ಕಳೆದ ವರ್ಷ ನಮ್ಮಲ್ಲಿಯೇ 12 ಮಿ.ಮೀ. ದಪ್ಪದ ಫೋಮ್ ಶೀಟಿನಿಂದ (ಫಲಕಕ್ಕೆ ಬಳಸುವ ಗಟ್ಟಿ ಪ್ಲಾಸ್ಟಿಕ್ ಹಾಳೆ) ಬಿಡಿಸಿಕೊಂಡ ಒತ್ತಕ್ಷರವೊಂದು ಆಪರೇಟರ್ ಹುಡುಗನ ಹುಬ್ಬಿಗೆ ಬಡಿದು ಎರಡು ಹೊಲಿಗೆ ಬಿದ್ದವು. ತಪ್ಪು ಯಂತ್ರದ್ದಲ್ಲ, ನನ್ನದು.

ಈ ಯಂತ್ರಗಳಲ್ಲಿ ಬಿಟ್, ಅಂದರೆ ಕತ್ತರಿಸುವ ಉಳಿ, ನಿಮಿಷಕ್ಕೆ 18,000 ಸುತ್ತು, ಅಂದರೆ ಸೆಕೆಂಡಿಗೆ 300 ಸುತ್ತು ತಿರುಗುವುದು ಸಾಮಾನ್ಯ. ಶೀಟನ್ನು ಹಿಡಿದಿಡುವುದು ವ್ಯಾಕ್ಯೂಮ್ ಟೇಬಲ್ಲಿನ (ಶೀಟಿನ ಅಡಿಯ ಗಾಳಿಯನ್ನು ಹೀರಿ ತೆಗೆಯುವ ಮೇಜು) ಎಳೆತ ಎಂದು ನಾವು ಆಡುಮಾತಿನಲ್ಲಿ ಹೇಳುತ್ತೇವಾದರೂ, ನಿಜವಾಗಿ ಅದನ್ನು ಒತ್ತಿ ಹಿಡಿಯುವುದು ಮೇಲಿನ ಗಾಳಿ. ಸಮುದ್ರಮಟ್ಟದಲ್ಲಿ ಅದರ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. 900 ಮೀಟರ್ ಎತ್ತರದ ನಮ್ಮ ಬೆಂಗಳೂರಿನಲ್ಲಿ ಅದರ ಹತ್ತರಲ್ಲೊಂದು ಪಾಲು ಮೊದಲೇ ಖೋತಾ. ಸೋರಿಕೆಯೆಲ್ಲ ಕಳೆದು ಅರ್ಧ ಕಿಲೋ ದಕ್ಕಿತೆಂದರೂ ಎಂಟಡಿ ನಾಲ್ಕಡಿಯ ಇಡೀ ಶೀಟಿನ ಮೇಲೆ ಅದು ಹದಿನಾಲ್ಕು ಟನ್ನು ದಾಟುತ್ತದೆ. ಅದೇ ನಾಲ್ಕಿಂಚಿನ ಅಕ್ಷರದ ಪಕ್ಕದ ಸೊನ್ನೆಯ ಮೈ ಸುಮಾರು 15 ಚದರ ಸೆಂಟಿಮೀಟರ್ ಎಂದುಕೊಂಡರೆ, ಅದರ ಪಾಲಿಗೆ ಬರುವುದು ಏಳೂವರೆ ಕಿಲೋ ಮಾತ್ರ. ಬಿಟ್ ಪಕ್ಕಕ್ಕೆ ತಳ್ಳುವಾಗ ತಡೆಯುವ ಘರ್ಷಣೆಯಂತೂ ಅದರಲ್ಲೂ ಒಂದು ಅಂಶ. ಸಾಲದ್ದಕ್ಕೆ ಕತ್ತರಿಸಿದ ಗೆರೆಗಳಿಂದಲೇ ಗಾಳಿ ಒಳನುಗ್ಗಿ, ಕೆಲಸ ಮುಗಿಯುತ್ತ ಬಂದಂತೆ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಆದ್ದರಿಂದ ಶೀಟು ಇಡಿಯಾಗಿರುವಾಗಲೇ ಸೊನ್ನೆ, ಒತ್ತುಗಳನ್ನು ಕತ್ತರಿಸಿ, ದೊಡ್ಡ ಅಕ್ಷರಗಳನ್ನು ಕೊನೆಗಿಟ್ಟುಕೊಳ್ಳಬೇಕು. ಬಹಳಷ್ಟು ಕಡೆ ಸಾಫ್ಟ್‌ವೇರ್ ಕೊಟ್ಟ ಕ್ರಮದಲ್ಲೇ ಯಂತ್ರ ಓಡಿಸಿಬಿಡುತ್ತಾರೆ.

ಇದಕ್ಕಿಂತ ಭರವಸೆಯದು, ತುಂಡನ್ನು ಪೂರ್ತಿ ಬಿಡಿಸದೆ ಸುತ್ತ ಮೂರು ನಾಲ್ಕು ಕಡೆ ಸಣ್ಣ ಸೇತುವೆಗಳನ್ನು ಉಳಿಸುವುದು. ನಾವು ಟ್ಯಾಬ್ ಎನ್ನುವುದು ಇದಕ್ಕೇ. ಆರು ಮಿ.ಮೀ. ಅಗಲ, ಒಂದೂವರೆ ಎರಡು ಮಿ.ಮೀ. ದಪ್ಪ ಇದ್ದರೆ ಫೋಮ್ ಶೀಟಿಗೂ ಎಂಡಿಎಫ್‌ಗೂ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಸಾಕಾಗುತ್ತದೆ. ನಮ್ಮ ಅಕ್ಷರಗಳು ಗುಂಡಗಿರುವುದರಿಂದ ಟ್ಯಾಬನ್ನು ಹೊರಬಾಗಿನಲ್ಲಿ ಇಡಬೇಕು. ಒಳಸಂದಿಯಲ್ಲಿಟ್ಟರೆ ಆಮೇಲೆ ಮರಳುಕಾಗದ ಅಲ್ಲಿಗೆ ಹೋಗುವುದಿಲ್ಲ. ಇನ್ನು ಕೆಲವರು ತಳದಲ್ಲಿ ಅರ್ಧ ಮಿ.ಮೀ.ನಷ್ಟು ತೆಳುಪೊರೆ ಉಳಿಸಿ ಚಾಕುವಿನಿಂದ ಬಿಡಿಸುತ್ತಾರೆ. ಒಳ್ಳೆಯ ಉಪಾಯವೇ, ಆದರೆ ಮೇಜಿನ ಮೇಲಿನ ಹಲಗೆ ಸಮತಟ್ಟಾಗಿರದಿದ್ದರೆ ಪೊರೆ ಒಂದು ಮೂಲೆಯಲ್ಲಿ ದಪ್ಪಗೂ ಇನ್ನೊಂದು ಮೂಲೆಯಲ್ಲಿ ಇಲ್ಲದಂತೆಯೂ ಆಗುತ್ತದೆ. ಹಲಗೆಯನ್ನು ಆಗಾಗ ಹೆರೆದು ಮಟ್ಟ ಮಾಡುವ ತಾಳ್ಮೆ ಎಷ್ಟು ಘಟಕಗಳಲ್ಲಿದೆಯೋ! ಒಂದೆರಡೇ ತುಂಡುಗಳಿದ್ದಾಗ ಹಲಗೆಗೂ ಶೀಟಿನ ಬೆನ್ನಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡರ ನಡುವೆ ಫೆವಿಕ್ವಿಕ್ ಹಾಕುವುದುಂಟು. ಹೊಟ್ಟು ಪೂರ್ತಿ ಒರೆಸಿದ್ದರೆ ಇದು ಗಟ್ಟಿಯಾಗಿ ನಿಲ್ಲುತ್ತದೆ.

ಸೊನ್ನೆಯ ಒಳಗಿನ ಬಿಲ್ಲೆಯ ವಿಷಯವನ್ನು ಯಾರೂ ಯೋಚಿಸುವುದಿಲ್ಲ. ಅದು ಹೇಗಿದ್ದರೂ ಕಸ ಎಂದು ಸುತ್ತ ಗೆರೆ ಎಳೆದು ಕತ್ತರಿಸಿದರೆ, ಸಡಿಲಾದ ಬಿಲ್ಲೆ ಬಿಟ್‌ಗೆ ಸಿಕ್ಕಿ ಬಿಟ್ಟನ್ನೂ ಮುರಿಯುತ್ತದೆ, ಸೊನ್ನೆಯನ್ನೂ ಕೆಡಿಸುತ್ತದೆ. ಒಳಭಾಗವನ್ನು ಪೂರ್ತಿ ಪುಡಿಯಾಗಿಯೇ ಕೆತ್ತಿ ತೆಗೆದರೆ ನಿಮಿಷವೊಂದು ಹೆಚ್ಚು ಹಿಡಿಯಬಹುದು, ಹಾರುವುದಕ್ಕೆ ಏನೂ ಉಳಿದಿರುವುದಿಲ್ಲ. ಬಿಟ್‌ನ ಸುರುಳಿಯನ್ನೂ ನೋಡಿಕೊಳ್ಳಬೇಕು. ಹೊಟ್ಟನ್ನು ಮೇಲಕ್ಕೆ ಎಸೆಯುವ ಬಿಟ್ ತುಂಡನ್ನೂ ಮೇಲಕ್ಕೆತ್ತುತ್ತದೆ. ಕೆಳಕ್ಕೆ ತಳ್ಳುವುದು ತುಂಡನ್ನು ಅದುಮಿ ಹಿಡಿಯುತ್ತದಾದರೂ ಅಕ್ರಿಲಿಕ್‌ನಲ್ಲಿ ಹೊಟ್ಟು ಗೆರೆಯೊಳಗೇ ತುಂಬಿ ಕರಗಿ ಅಂಟಿಕೊಳ್ಳುತ್ತದೆ. ಇಷ್ಟು ಕಷ್ಟವೇಕೆ, ಲೇಸರ್‌ನಲ್ಲಿ ಕತ್ತರಿಸಿ ಎನ್ನುವ ಗ್ರಾಹಕರಿದ್ದಾರೆ. ಫೋಮ್ ಶೀಟು ಪಿವಿಸಿಯದು. ಸುಟ್ಟರೆ ವಿಷಾನಿಲ ಬಿಡುತ್ತದೆ.

ಇದಾವುದನ್ನೂ ಮಾಡದ ಕಡೆ ನಡೆಯುವುದೇನೆಂದರೆ, ಆಪರೇಟರ್ ಒಂದು ರಿಪೀಸು ತುಂಡಿನಿಂದಲೋ ಬರಿಗೈಯಿಂದಲೋ ಅಲುಗಾಡುವ ಒತ್ತಕ್ಷರವನ್ನು ಅದುಮಿ ಹಿಡಿಯುವುದು. ಕೈಗವಸು ಹಾಕಿಕೊಂಡರೆ ಸರಿ ಎಂದುಕೊಂಡವರೂ ಇದ್ದಾರೆ. ತಿರುಗುವ ಬಿಟ್‌ಗೆ ಅದರ ನೂಲು ಸಿಕ್ಕಿದರೆ ಕೈಯನ್ನೇ ಸೆಳೆದುಕೊಳ್ಳುತ್ತದೆ. ನನ್ನಲ್ಲಿಗೆ ತರಬೇತಿ ಮುಗಿಸಿ ಬರುವ ಹುಡುಗರು ಪ್ರೋಗ್ರಾಂ ಬರೆಯುವುದನ್ನು ಚೆನ್ನಾಗಿಯೇ ಕಲಿತಿರುತ್ತಾರೆ, ಆದರೆ ಸಣ್ಣ ತುಂಡನ್ನು ಹಿಡಿದಿಡುವುದು ಹೇಗೆಂದು ಕೇಳಿದರೆ ಕ್ಲಾಂಪ್ (ಬಿಗಿದು ಹಿಡಿಯುವ ಹಿಡಿಕೆ) ಎಂಬ ಒಂದೇ ಉತ್ತರ. ಐಟಿಐಗಳಲ್ಲಿ ಸಿಎನ್‌ಸಿ ಕಲಿಸುವವರು ಪ್ರಾಯೋಗಿಕ ಪರೀಕ್ಷೆಯಲ್ಲಿ ಐದು ಸೆಂಟಿಮೀಟರಿನ ಒಂದು ಸೊನ್ನೆಯನ್ನು ಕೈ ತಾಗಿಸದೆ ಕತ್ತರಿಸಿಕೊಡಲು ಹೇಳಲಿ.

ಫಲಕದ ವಿನ್ಯಾಸ ಮಾಡುವವರಲ್ಲಿಯೂ ಒಂದು ಕೋರಿಕೆ ಇದೆ. ಓದಿಗೆ ಅಡ್ಡಿಯಾಗದ ಕಡೆ ಒತ್ತನ್ನು ಮೂಲಾಕ್ಷರಕ್ಕೆ ತಾಗಿಸಿ ಬರೆದುಕೊಟ್ಟರೆ ಎರಡೂ ಒಂದೇ ತುಂಡಾಗಿ ಬರುತ್ತವೆ, ಮತ್ತು ಏಣಿಯ ಮೇಲೆ ನಿಂತು ಫಲಕ ಜೋಡಿಸುವವನು ಣಕಾರದ ಒತ್ತನ್ನು ಪಕ್ಕದ ಅಕ್ಷರಕ್ಕೆ ಅಂಟಿಸುವ ಸಂಭವವೂ ಇರುವುದಿಲ್ಲ.

ಇಂತಿ,
ಸಣ್ಣ ಘಟಕವೊಂದರ ಮಾಲೀಕ,
ಕಾಮಾಕ್ಷಿಪಾಳ್ಯ, ಬೆಂಗಳೂರು