ಒಲೆ ಹೊತ್ತಿಸಿದವರು ಆಡದೆ ಉಳಿಸಿದ ಮಾತು: ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಉಭಯ ಕುಶಲೋಪರಿ. ನಿನ್ನ ಪತ್ರ ತಲುಪಿತು. ಅಪ್ಪನೂ ಓದಿದರು. ನಿನಗೆ ಜ್ವರ ಬಂದಾಗ ಆ ಹುಡುಗ ಮಳೆಯಲ್ಲಿ ಊರಿನ ಆ ತುದಿಯಿಂದ ಗಂಜಿ ಮಾಡಿಸಿಕೊಂಡು ಬಂದದ್ದನ್ನೂ, ನೀನು ಮನೆ ಬದಲಾಯಿಸುವಾಗ ರಜೆ ಹಾಕಿ ಸಾಮಾನು ಹೊತ್ತದ್ದನ್ನೂ ಬರೆದಿದ್ದೀಯೆ. ಆದರೆ ನಿನ್ನ ಬಗ್ಗೆ ತನ್ನ ಮನಸ್ಸಿನಲ್ಲಿ ಏನಿದೆಯೆಂದು ಅವನು ಇಂದಿನವರೆಗೂ ಬಾಯಿಬಿಟ್ಟು ಹೇಳಿಲ್ಲ ಎಂಬುದು ನಿನ್ನನ್ನು ಕೊರೆಯುತ್ತಿದೆ. ದೊಡ್ಡಮ್ಮನನ್ನು ಕೇಳಿದ್ದಕ್ಕೆ, 'ನಮ್ಮ ಕಡೆಯವರು ಪ್ರೀತಿಯನ್ನು ಮಾತಿನಲ್ಲಿ ಹೇಳುವುದಿಲ್ಲ, ಮಾಡಿ ತೋರಿಸುತ್ತಾರೆ, ಅಷ್ಟು ಸಾಲದೇ?' ಎಂದರಂತೆ. ಅದೇ ಪ್ರಶ್ನೆಯನ್ನು ನೀನು ನನಗೆ ಕೇಳಿದ್ದೀಯೆ. ಸಾಲದು ಎಂಬುದು ನನ್ನ ಉತ್ತರ. ಆದರೆ ಅಷ್ಟನ್ನೇ ಬರೆದು ಕಳುಹಿಸಿದರೆ ಆ ಹುಡುಗನಿಗೂ ದೊಡ್ಡಮ್ಮನಿಗೂ ಅನ್ಯಾಯವಾಗುತ್ತದೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನಿನ್ನ ಅಜ್ಜ-ಅಜ್ಜಿಯ ಒಂದು ಸಂಗತಿ ನಿನಗೆ ಗೊತ್ತಿರಲಾರದು. ಅಜ್ಜಿಗೆ ಉಬ್ಬಸವಿತ್ತು. ಮಲೆನಾಡಿನ ಮಳೆಗಾಲದಲ್ಲಿ ಕಟ್ಟಿಗೆಯೆಲ್ಲ ತೇವ ಹೀರಿಕೊಂಡು, ಒಲೆ ಹೊತ್ತಿಸಿದರೆ ಅಡುಗೆಮನೆಯ ತುಂಬ ಹೊಗೆಯೇ. ಅಜ್ಜ ಬೇಸಿಗೆಯಲ್ಲಿಯೇ ಕಟ್ಟಿಗೆಯನ್ನು ಒಂದೊಂದಾಗಿ ಕೈಯಲ್ಲಿ ತೂಗಿ ನೋಡಿ, ಹಗುರಾಗಿ ಒಣಗಿದ್ದನ್ನು ಅಡುಗೆಮನೆಗೆಂದು ಬೇರೆಯಾಗಿ ಒಟ್ಟಿ, ಉಳಿದದ್ದನ್ನು ಬಚ್ಚಲ ಒಲೆಗೂ ಅಡಿಕೆ ಬೇಯಿಸುವ ಒಲೆಗೂ ಬಿಡುತ್ತಿದ್ದರು. ಮಳೆ ಹಿಡಿದ ಮೇಲೆ ಅಜ್ಜಿ ಏಳುವುದಕ್ಕೆ ಮೊದಲೇ ತಾವೇ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಊದುಗೊಳವೆಯಿಂದ ಊದಿ ಊದಿ ಬೆಂಕಿ ಹಿಡಿಸಿ, ಹೊಗೆಯೆಲ್ಲ ಹೊರಗೆ ಹೋಗುವವರೆಗೆ ಹಿತ್ತಿಲ ಬಾಗಿಲನ್ನು ತೆರೆದಿಟ್ಟುಕೊಂಡು ನಿಂತಿರುತ್ತಿದ್ದರು. ಯಾಕೆಂದು ಕೇಳಿದರೆ, 'ಕಾಫಿಗೆ ತಡವಾಗುತ್ತದೆ' ಎನ್ನುತ್ತಿದ್ದರು. ಗ್ಯಾಸ್ ಬರುವವರೆಗೂ ಇದು ನಡೆಯಿತು.

ಅಜ್ಜಿಯ ಕೊನೆಯ ಮಳೆಗಾಲದಲ್ಲಿ ನಾನು ಅವರ ತಲೆ ಬಾಚುತ್ತಿದ್ದಾಗ, ಯಾವ ಪೀಠಿಕೆಯೂ ಇಲ್ಲದೆ ಹೇಳಿದರು: 'ಅವರು ಒಲೆ ಹೊತ್ತಿಸಿ ಕೊಟ್ಟಿದ್ದು ಯಾರಿಗೆ ಅಂತ ನನಗೆ ಗೊತ್ತಿತ್ತು ಕೂಸೇ. ನಿನಗೋಸ್ಕರ ಅಂತ ಒಂದು ಸಲ ಅಂದಿದ್ದರೆ ಆಗುತ್ತಿತ್ತು.' ಅದು ದೂರುವ ಮಾತಾಗಿರಲಿಲ್ಲ. ಗಂಡನ ಪ್ರೀತಿಯ ಬಗ್ಗೆ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸಂಶಯವೇ ಇಲ್ಲದಿದ್ದರೂ ಕೇಳಬೇಕೆನ್ನಿಸುವ ಮಾತೊಂದು ಮನುಷ್ಯರಿಗೆ ಇರುತ್ತದೆ ಎಂಬುದು ನನಗೆ ಅಂದು ಮನವರಿಕೆಯಾಯಿತು.

ಅಜ್ಜನಿಗೆ ಮಾತು ಬರುತ್ತಿರಲಿಲ್ಲವೆಂದು ತಿಳಿಯಬೇಡ. ಸಂಜೆ ಜಗಲಿಯಲ್ಲಿ ಕುಳಿತು ಲಕ್ಷ್ಮೀಶನ ಜೈಮಿನಿ ಭಾರತವನ್ನು ರಾಗವಾಗಿ ಓದುತ್ತಿದ್ದರು. ಸೀತೆಯನ್ನು ಕಾಡಿಗೆ ಬಿಟ್ಟುಬರುವ ಪ್ರಸಂಗದಲ್ಲಿ ಅವರ ಗಂಟಲು ಕಟ್ಟಿ ಓದು ನಿಲ್ಲುತ್ತಿತ್ತು. ಲಕ್ಷ್ಮಣನ ಸಂಕಟಕ್ಕೆ ದನಿ ಕೊಡಬಲ್ಲವರು ತಮ್ಮ ಮನಸ್ಸಿಗೆ ಕೊಡಲಿಲ್ಲ. ಪ್ರೀತಿಯ ಮಾತು ಕಾವ್ಯಕ್ಕೆ ಸಲ್ಲುವಂಥದ್ದು, ಅಡುಗೆಮನೆಯಲ್ಲಿ ಆಡುವಂಥದ್ದಲ್ಲ ಎಂದು ಅವರು ನಂಬಿದ್ದರು, ಅವರ ತಲೆಮಾರಿನ ಬಹಳ ಜನ ಹಾಗೆ ನಂಬಿದ್ದರು. ನಾನು ಒಪ್ಪದಿರುವುದು ಇದನ್ನೇ. ನಮ್ಮ ಸಾಹಿತ್ಯದಲ್ಲಿ ನನಗೆ ಬಹಳ ಹಿಡಿಸಿದ ಪ್ರೀತಿಯ ಮಾತುಗಳು ಹುಟ್ಟಿದ್ದು ಅಡುಗೆಮನೆಯಲ್ಲಿ, ಬೀಸುವ ಕಲ್ಲಿನ ಮುಂದೆ, ಅಕ್ಕಿ ಆಯ್ದು ತಂದ ಚೀಲದ ಪಕ್ಕದಲ್ಲಿ.

ಹಲಸಂಗಿಯ ಗೆಳೆಯರು ಬಿಜಾಪುರದ ಸೀಮೆಯಲ್ಲಿ ಸಂಗ್ರಹಿಸಿದ 'ಗರತಿಯ ಹಾಡು' ಮನೆಯ ಕಪಾಟಿನಲ್ಲಿದೆ, ನೀನು ಶಾಲೆಯಲ್ಲಿದ್ದಾಗ ಕೆಲವನ್ನು ಬಾಯಿಪಾಠ ಮಾಡಿದ್ದೆ. ಬೇಸಿಗೆಗೆ ಬೇವಿನ ಮರ ತಂಪು, ಭೀಮರತಿಯೆಂಬ ಹೊಳೆ ತಂಪು, ತವರಿಗೆ ಹಡೆದವ್ವ ತಂಪು ಎನ್ನುವ ತ್ರಿಪದಿ ಎಲ್ಲರಿಗೂ ಗೊತ್ತು. ಅಷ್ಟೇ ಚಂದದ ಇನ್ನೊಂದು ತ್ರಿಪದಿಯಲ್ಲಿ ಗಂಡನೊಬ್ಬ ತನ್ನ ತಾಯಿಯೊಡನೆ ಹೇಳಿಕೊಳ್ಳುತ್ತಾನೆ: ಅಡುಗೆಮನೆಯಲ್ಲಿ ಮಡದಿಯ ಸುಳಿವಿಲ್ಲ, ಅಡುಗೆ ಬಾಯಿಗೆ ರುಚಿಸುತ್ತಿಲ್ಲ, ಅವಳು ತವರಿಗೆ ಹೋಗಿದ್ದಾಳೆ. ಹೆಂಡತಿಯ ಮೇಲೆ ಪ್ರೀತಿಯಿದೆ ಎಂದು ಅವನು ಹೇಳುವುದಿಲ್ಲ, ಊಟ ಸೇರುತ್ತಿಲ್ಲ ಎನ್ನುತ್ತಾನೆ, ಅದೂ ಅಡುಗೆ ಮಾಡಿ ಬಡಿಸಿದ ತಾಯಿಯ ಮುಂದೆಯೇ. ಇದನ್ನು ಓದಿದಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತು ಇಂಥ ಹಾಡುಗಳನ್ನು ಕಟ್ಟಿದವರೂ ಹಾಡಿದವರೂ ಹೆಂಗಸರು. ಹಾಗಾದರೆ ಗಂಡನ ಬಾಯಲ್ಲಿ ಈ ಮಾತನ್ನು ಇಟ್ಟವಳು ಹೆಂಡತಿಯೇ ಇರಬೇಕು. ತನಗೆ ಕೇಳಬೇಕೆನ್ನಿಸಿದ್ದನ್ನು, ಬಹುಶಃ ಎಂದೂ ಕೇಳಿರದಿದ್ದನ್ನು, ನಸುಕಿನಲ್ಲಿ ಜೋಳ ಬೀಸುತ್ತಾ ತಾನೇ ಅವನ ದನಿಯಲ್ಲಿ ಹಾಡಿಕೊಂಡಳು. ನಿನ್ನ ಅಜ್ಜಿಯ ಮಾತೂ ಈ ಹೆಂಗಸಿನ ಮಾತೂ ಬೇರೆ ಬೇರೆಯೆಂದು ನನಗೆ ಅನ್ನಿಸುವುದಿಲ್ಲ.

ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಬಂದಾಗ ದಾಂಪತ್ಯದ ಒಲವಿಗೆ ಕನ್ನಡದಲ್ಲಿ ಹೊಸ ನುಡಿ ಸಿಕ್ಕಿತೆಂದು ಹೇಳುತ್ತಾರೆ, ಅದು ನಿಜ. ಮಾವನ ಮನೆಗೆ ರಾತ್ರಿ ಬಂದ ರಾಯರಿಗೆ ಕಾಲಿಗೆ ಬಿಸಿನೀರು, ಒಳಗೆ ದೀಪ, ಊಟ, ಉಪಚಾರ ಎಲ್ಲವೂ ಆಗುತ್ತದೆ. ಹೆಂಡತಿ ಪದುಮ ಮಾತ್ರ ಕಾಣಿಸುವುದಿಲ್ಲ, ಬೆಳಗಾಗುತ್ತಲೇ ರಾಯರು ಮುನಿಸಿಕೊಂಡು ಹೊರಡಲು ನಿಲ್ಲುತ್ತಾರೆ. ಉಪಚಾರದಲ್ಲಿ ಕೊರತೆಯಿರಲಿಲ್ಲ, ಅವರು ಎದುರುನೋಡುತ್ತಿದ್ದದ್ದೇ ಬೇರೆ.

ಮಾತೆಂದರೆ ಸಿಹಿಮಾತೇ ಆಗಬೇಕಿಲ್ಲ ಎಂಬುದಕ್ಕೆ ಆಯ್ದಕ್ಕಿ ಲಕ್ಕಮ್ಮನ ವಚನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯನದು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, 'ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?' ಎಂದು ಕೇಳಿ, 'ಈಸಕ್ಕಿಯಾಸೆ ನಿಮಗೇಕೆ?' ಎಂದು ಅವನನ್ನು ಅದನ್ನು ಹಿಂದಿರುಗಿಸಲು ಕಳುಹಿಸಿದಳು. ಇದನ್ನು ತತ್ವವೆಂದು ಪಾಠ ಮಾಡುತ್ತೇವೆ, ನಾನೂ ತರಗತಿಯಲ್ಲಿ ಹಾಗೆಯೇ ಮಾಡಿದ್ದೇನೆ. ಆದರೆ ಮನೆಯಲ್ಲಿ ಕುಳಿತು ಓದುವಾಗ ನನಗೆ ಕೇಳಿಸುವುದು ಒಬ್ಬ ಹೆಂಡತಿಯ ದನಿ. ಬಡವರ ಮನೆಯ ಹೆಣ್ಣಿಗೆ ನಾಲ್ಕು ಹಿಡಿ ಅಕ್ಕಿ ಹೆಚ್ಚಾಗಿ ಬಂದರೆ ಸುಮ್ಮನೆ ಮಡಕೆಗೆ ಸುರಿದುಕೊಳ್ಳುವುದು ಎಷ್ಟು ಸುಲಭ! ಅವನು ತನ್ನ ಮಟ್ಟದಿಂದ ಕೆಳಗಿಳಿಯುವುದನ್ನು ನೋಡಲಾರದೆ ಅವಳು ಹಾಗೆ ಕೇಳಿದಳು, ಕೇಳಿದ್ದಕ್ಕೆ ಬೆಲೆಯಾಗಿ ಆ ಅಕ್ಕಿಯನ್ನೂ ಬಿಟ್ಟುಕೊಟ್ಟಳು. ಅವಳ ವಚನಗಳ ಅಂಕಿತದಲ್ಲಿ 'ಮಾರಯ್ಯಪ್ರಿಯ ಅಮರೇಶ್ವರಲಿಂಗ' ಎಂದಿದೆ. ಗಂಡನನ್ನು ಎಚ್ಚರಿಸುವ ಮಾತಿನ ಕೊನೆಯಲ್ಲಿಯೇ ಅವನ ಹೆಸರು ದೇವರ ಹೆಸರಿನೊಡನೆ ಸೇರಿಕೊಂಡು ಬರುತ್ತದೆ. ನಿನಗೆ ಇಂಥ ಮಾತನ್ನು ಹೇಳುವ ಧೈರ್ಯ ಆ ಹುಡುಗನಿಗಿದೆಯೇ, ಅವನಿಗೆ ಹೇಳಲು ನಿನಗೆ ಬಿಡುತ್ತಾನೆಯೇ ಎಂಬುದನ್ನೂ ನೋಡಿಕೋ.

ಮಾಡಿ ತೋರಿಸಿದರೆ ಸಾಕೆನ್ನುವ ಪಕ್ಷವನ್ನು ವಹಿಸುವವರಿಗೆ ಆತಕೂರಿನ ಶಾಸನ ಬಹಳ ಇಷ್ಟವಾದೀತು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲನ್ನು ನೋಡಬಹುದು, ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರ ಅದರ ಮೇಲಿದೆ. ಚೋಳರೊಡನೆ ತಕ್ಕೋಲದಲ್ಲಿ ನಡೆದ 949ರ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗರ ದೊರೆ ಬೂತುಗ ಮೆಚ್ಚಿ, ಬೇಕಾದ್ದನ್ನು ಬೇಡಿಕೊ ಎಂದಾಗ, ಅವನು ಕಾಳಿಯೆಂಬ ನಾಯಿಯನ್ನು ಬೇಡಿದ. ಆ ನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರ ಅದಕ್ಕಾಗಿ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲನ್ನು ಪೂಜಿಸದೆ ಪೂಜಾರಿ ಉಣ್ಣಕೂಡದೆಂದು ಬರೆಸಿದ. ಮೂಕಪ್ರಾಣಿಗೆ ಮಾತಿನ ಹಂಗಿಲ್ಲ, ಅಲ್ಲಿ ಮಾಡಿ ತೋರಿಸಿದ್ದೇ ಪ್ರೀತಿ ಎನ್ನಬಹುದು. ಆದರೆ ಗಮನಿಸು, ಅವನು ಬರೀ ಕಲ್ಲು ನೆಟ್ಟು ಸುಮ್ಮನಾಗಲಿಲ್ಲ. ನಾಯಿಯ ಹೆಸರನ್ನು, ತಾನು ಅದನ್ನು ಕೇಳಿ ಪಡೆದದ್ದನ್ನು, ಅದು ಸತ್ತ ಬಗೆಯನ್ನು ಕಲ್ಲಿನಲ್ಲಿ ಕೊರೆಸಿದ. ಆ ಬರಹವಿಲ್ಲದಿದ್ದರೆ ಸಾವಿರ ವರ್ಷಗಳ ಮೇಲೆ ನಾವು ಕಾಳಿಯ ಹೆಸರನ್ನು ಹೇಗೆ ಹೇಳುತ್ತಿದ್ದೆವು?

ಇನ್ನು ಮಾಡುವುದಕ್ಕೆ ಏನೂ ಉಳಿಯದ ಹೊತ್ತೊಂದಿದೆ. ಮಗುವಿನ ಸಾವಿನ ನೋವಿನಲ್ಲಿ ಹುಟ್ಟಿದ ಬೇಂದ್ರೆಯವರ ಕವಿತೆಯಲ್ಲಿ ಗಂಡ ಹೆಂಡತಿಯನ್ನು ಉದ್ದೇಶಿಸಿ, ಹಾಗೆ ನನ್ನನ್ನು ನೋಡಬೇಡ ಎನ್ನುತ್ತಾನೆ. ದುಃಖವನ್ನು ನಗೆಯಲ್ಲಿ ಮರೆಸಬೇಡ, ಅಳುವುದಾದರೆ ಹೊನಲು ಹರಿಯುವಂತೆ ಅತ್ತುಬಿಡು ಎನ್ನುತ್ತಾನೆ. ಅವನ ಕೈಯಲ್ಲಿ ಔಷಧವಿಲ್ಲ, ಉಪಾಯವಿಲ್ಲ. ಒಲೆ ಹೊತ್ತಿಸಿ ಕೊಟ್ಟರೂ ಸಾಮಾನು ಹೊತ್ತು ಕೊಟ್ಟರೂ ಅಲ್ಲಿ ಪ್ರಯೋಜನವಿಲ್ಲ. ಆ ಹೊತ್ತಿನಲ್ಲಿ ಆಡುವ ಮಾತೊಂದೇ ಅವನು ಮಾಡಬಹುದಾದ ಕೆಲಸ. ಬಾಳಿನಲ್ಲಿ ಇಂಥ ಹೊತ್ತು ಎಲ್ಲರಿಗೂ ಬರುತ್ತದೆ ಮಗಳೇ, ನಿನಗೆ ಬೇಗ ಬಾರದಿರಲಿ. ಸುಖದ ದಿನಗಳಲ್ಲಿ ಒಬ್ಬರೊಡನೊಬ್ಬರು ಮನಸ್ಸಿನ ಮಾತನ್ನು ಆಡಿ ರೂಢಿಯಿಲ್ಲದವರಿಗೆ ಅಂದು ಏಕಾಏಕಿ ಮಾತು ಬರುವುದಿಲ್ಲ. ಹೀಗೆ ಮಾತು ಸಿಗದೆ ಒಂದೇ ಸೂರಿನಡಿ ಬೇರೆ ಬೇರೆಯಾಗಿ ದುಃಖಪಟ್ಟ ಗಂಡಹೆಂಡಿರನ್ನು ನಾನು ನಮ್ಮ ನೆಂಟರಲ್ಲಿಯೇ ನೋಡಿದ್ದೇನೆ. ದೊಡ್ಡಮ್ಮನ ಮಾತನ್ನು ನಾನು ಒಪ್ಪದಿರಲು ಇದೇ ದೊಡ್ಡ ಕಾರಣ.

ಮಾತು ಬಲ್ಲವರೆಲ್ಲ ಪ್ರೀತಿಸಬಲ್ಲವರೆಂದು ನಾನು ಹೇಳುತ್ತಿಲ್ಲ. ಯುದ್ಧ ಮುಗಿದ ಮೇಲೆ ವಾಲ್ಮೀಕಿಯ ರಾಮ ಸೀತೆಗೆ ಆಡುವ ನುಡಿಗಳು ಎಷ್ಟು ಕಠಿಣವೆಂದರೆ, ಅವಳು ಬೆಂಕಿಗೆ ಇಳಿಯುವುದಕ್ಕೆ ಮುಂಚೆಯೇ ಅವುಗಳಿಂದ ಬೆಂದಿದ್ದಾಳೆ. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಬರೆಯುವಾಗ ಈ ಪ್ರಸಂಗವನ್ನು ಬದಲಿಸಿದರು. ಅಲ್ಲಿ ಸೀತೆಯೊಡನೆ ರಾಮನೂ ಅಗ್ನಿಯನ್ನು ಪ್ರವೇಶಿಸುತ್ತಾನೆ. ಅವಳಿಗೆ ಒಡ್ಡಿದ ಪರೀಕ್ಷೆಗೆ ತಾನೂ ಒಳಗಾಗುತ್ತಾನೆ. ಇಲ್ಲಿ ಮಾಡಿ ತೋರಿಸಿದ್ದೇ ದೊಡ್ಡದು, ಎಷ್ಟು ಸಮಾಧಾನದ ಮಾತಾಡಿದ್ದರೂ ಅದಕ್ಕೆ ಸಮನಾಗುತ್ತಿರಲಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು, ಮುಖ್ಯವಾಗಿ ಹುಡುಗಿಯರು, ಈ ಭಾಗವನ್ನು ಓದಿ ಮುಗಿಸಿದಾಗ ತರಗತಿಯಲ್ಲಿ ಮುಖ ಎತ್ತಿ ನನ್ನನ್ನು ನೋಡುತ್ತಿದ್ದರು. ಅವರಿಗೆ ಬೇರೆ ವಿವರಣೆ ಬೇಕಾಗುತ್ತಿರಲಿಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಆ ಹುಡುಗ ಮಾಡಿದ್ದನ್ನೆಲ್ಲ ನಾನು ಹಗುರಾಗಿ ಎಣಿಸುವುದಿಲ್ಲ. ಮಳೆಯಲ್ಲಿ ಗಂಜಿ ಹೊತ್ತು ಬರುವವನು ನಾಳೆ ಮಗುವಿಗೆ ಜ್ವರ ಬಂದ ರಾತ್ರಿಯಲ್ಲೂ ಎದ್ದು ಕೂರುತ್ತಾನೆ, ಇದು ಸಣ್ಣ ಗುಣವಲ್ಲ. ಆದರೆ ಅವನು ಹೇಳಲಿ ಎಂದು ಮೌನವಾಗಿ ಕಾಯುತ್ತಾ, ಹೇಳಲಿಲ್ಲವೆಂದು ಒಳಗೊಳಗೇ ಲೆಕ್ಕ ಇಡುತ್ತಾ ಕೂರಬೇಡ. ಅಜ್ಜಿ ಹಾಗೆ ಕಾದರು, ಅಜ್ಜನಿಗೆ ಅದು ಗೊತ್ತೇ ಆಗಲಿಲ್ಲ. ನೀನೇ ಮೊದಲು ಹೇಳು. 'ನೀನು ಮಾಡುವುದೆಲ್ಲ ನನಗೆ ಕಾಣುತ್ತದೆ, ಆದರೆ ನನಗೆ ನಿನ್ನ ಬಾಯಿಂದ ಕೇಳಬೇಕು' ಎಂದು ನೇರವಾಗಿ ಕೇಳು. ಅವನು ತಡವರಿಸಿದರೆ ತಡವರಿಸಲಿ, ಅವನಿಗೆ ಬರುವ ರೀತಿಯಲ್ಲಿ ಹೇಳಲಿ. ನೀನಿಲ್ಲದ ವಾರ ಊಟ ರುಚಿಸಲಿಲ್ಲವೆಂದರೂ ಸಾಕು, ಅದನ್ನು ಅರ್ಥಮಾಡಿಕೊಳ್ಳುವಷ್ಟು ಕನ್ನಡ ನಿನಗೆ ಬರುತ್ತದೆ. ಕೇಳಿದ್ದಕ್ಕೆ ಅವನು ನಕ್ಕು ತಳ್ಳಿಹಾಕಿದರೆ ಅಥವಾ ಇದೆಲ್ಲ ಸಿನಿಮಾದ ಮಾತು ಎಂದು ನಿನ್ನನ್ನೇ ಸಣ್ಣವಳನ್ನಾಗಿ ಮಾಡಿದರೆ, ಮದುವೆಯ ಮಾತನ್ನು ಮುಂದುವರಿಸುವ ಮೊದಲು ನನಗೆ ಫೋನ್ ಮಾಡು.

ಅಪ್ಪ ಈ ಪತ್ರದ ಕೆಳಗೆ ಎರಡು ಸಾಲು ಬರೆಯುತ್ತೇನೆ ಎಂದಿದ್ದಾರೆ, ಜಾಗ ಬಿಟ್ಟಿದ್ದೇನೆ. ದೀಪಾವಳಿಗೆ ಬರುವಾಗ ಆ ಹುಡುಗನನ್ನೂ ಕರೆದುಕೊಂಡು ಬಾ, ರೈಲಿಗೆ ಈಗಲೇ ಟಿಕೆಟ್ ಮಾಡಿಸು.

ಇಂತಿ ನಿನ್ನ ಪ್ರೀತಿಯ
ಅಮ್ಮ